ರೇಡಿಯೇಟರ್ ಒಳಗಿನ ಶಹಾಬಾದ್ ಕಲ್ಲು

ಹೋದ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಕಲಬುರಗಿಯ ಸೇಡಂ ರಸ್ತೆಯಲ್ಲಿ ನನ್ನ ಕಾರಿನ ಟೆಂಪರೇಚರ್ ಮುಳ್ಳು ಮೇಲೇರತೊಡಗಿತು. ಹೊರಗೆ 42 ಡಿಗ್ರಿ ಬಿಸಿಲು. ಎಸಿ ಬಂದ್ ಮಾಡಿ, ಇಂಜಿನ್ನಿನ ಬಿಸಿ ಒಂದಿಷ್ಟಾದರೂ ಇಳಿಯಲಿ ಅಂತ ಹೀಟರ್ ಹಾಕಿಕೊಂಡು, ಬೆವರು ಒರೆಸುತ್ತ ಗ್ಯಾರೇಜ್ ಮುಟ್ಟಿದೆ. ಇಂಜಿನ್ ಪೂರ್ತಿ ತಣ್ಣಗಾಗುವ ತನಕ ಉಸ್ತಾದರು ರೇಡಿಯೇಟರ್ ಮುಚ್ಚಳ ಮುಟ್ಟಲಿಲ್ಲ. ತೆಗೆದಾಗ ಒಳಗಿದ್ದದ್ದು ಕಂದು ಬಣ್ಣದ ಅಂಬಲಿ.

“ಏನ್ ಹಾಕೀರಿ ಸರ್ ಇದಕ್ಕ?”

“ಮೊದಲು ಗುಲಾಬಿ ಕೂಲಂಟ್ ಇತ್ತು. ಕಡಿಮೆ ಆಯ್ತಂತ ಹಸಿರು ಹಾಕಿದೆ.”

“ಬಣ್ಣದ ಮಾತು ಆಮ್ಯಾಲ. ನೀರು ಯಾವುದು ಹಾಕೀರಿ?”

ಬೋರ್‌ವೆಲ್ ನೀರು. ಎರಡು ಸಲ.

ಇಂಜಿನ್ ತಣ್ಣಗಿಡುವ ಕೂಲಂಟ್ ಅಂದರೆ ಮುಖ್ಯವಾಗಿ ಎಥಿಲೀನ್ ಗ್ಲೈಕಾಲ್ ಮತ್ತು ನೀರು. ಎರಡಕ್ಕೂ ಬಣ್ಣವಿಲ್ಲ. ಹಸಿರು, ಗುಲಾಬಿ, ನೀಲಿ ಎಲ್ಲ ತಯಾರಕರು ಬೆರೆಸುವ ಬಣ್ಣ. ಸೋರಿದರೆ ಕಣ್ಣಿಗೆ ಬೀಳಲಿ, ತಮ್ಮ ಸರಕಿಗೆ ಗುರುತಿರಲಿ ಅಂತ. ಹಸಿರು ಅಂದರೆ ಹಳೆಯ ಮಾದರಿ, ಕಿತ್ತಳೆ ಅಥವಾ ಗುಲಾಬಿ ಅಂದರೆ ಹೊಸದು ಅನ್ನೋದು ಒಂದು ಕಾಲಕ್ಕೆ ಸುಮಾರಾಗಿ ನಿಜವಿತ್ತು. ಈಗ ಆ ಲೆಕ್ಕ ನಂಬೋ ಹಾಗಿಲ್ಲ. ಯಾವ ಬಣ್ಣದೊಳಗೆ ಯಾವ ರಸಾಯನ ಇರಬೇಕು ಅಂತ ಎಲ್ಲರೂ ಒಪ್ಪಿದ ನಿಯಮವೇ ಇಲ್ಲ.

ಗ್ಲೈಕಾಲ್ ನೀರನ್ನು ಹೆಪ್ಪುಗಟ್ಟಲು ಬಿಡದ ಆಂಟಿಫ್ರೀಜ್. ನೀರು ಹೆಪ್ಪುಗಟ್ಟುವಂಥ ಚಳಿ ನಮ್ಮಲ್ಲಿಲ್ಲ, ಅದು ಯಾಕೆ? ನಮಗೆ ಬೇಕಿರೋದು ಅದರ ಇನ್ನೊಂದು ಗುಣ. ಅರ್ಧ ನೀರು, ಅರ್ಧ ಗ್ಲೈಕಾಲ್ ಬೆರೆಸಿದರೆ ಕುದಿಯೋದು ಸುಮಾರು 107 ಡಿಗ್ರಿಗೆ. ರೇಡಿಯೇಟರ್ ಮುಚ್ಚಳ ಕುಕ್ಕರಿನ ಹಾಗೆ ಒತ್ತಡ ಹಿಡಿದಿಟ್ಟಾಗ 125 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಬಿಸಿ ಇಂಜಿನ್ನಿನ ಮುಚ್ಚಳ ತೆಗೆಯಬಾರದು ಅನ್ನೋದೂ ಇದಕ್ಕೇ. ಹಾಗಾದರೆ ಬರೀ ಗ್ಲೈಕಾಲೇ ತುಂಬಿದರೆ ಇನ್ನೂ ಒಳ್ಳೆಯದಲ್ವಾ? ಅಲ್ಲ. ಶಾಖ ಹೊತ್ತೊಯ್ಯುವುದರಲ್ಲಿ ಅದು ನೀರಿನ ಹತ್ತಿರಕ್ಕೂ ಬರೋದಿಲ್ಲ.

ಕೂಲಂಟ್‌ಗಳ ನಿಜವಾದ ವ್ಯತ್ಯಾಸ ಇರೋದು ತುಕ್ಕು ತಡೆಯುವ ಮದ್ದಿನಲ್ಲಿ. ಹಳೆಯ ಬಗೆಯಲ್ಲಿ ಸಿಲಿಕೇಟ್‌ನಂಥ ಲವಣಗಳಿರುತ್ತವೆ. ಅವು ಲೋಹದ ಮೇಲೆಲ್ಲ ತೆಳ್ಳಗೆ ಲೇಪವಾಗಿ ಕೂರುತ್ತವೆ, ಬೇಗ ಮುಗಿಯುತ್ತವೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಹೊಸ ಬಗೆಯ ಸಾವಯವ ಆಮ್ಲಗಳು ತುಕ್ಕು ಶುರುವಾಗುವ ಜಾಗಕ್ಕೆ ಮಾತ್ರ ಹೋಗಿ ಅಂಟುತ್ತವೆ, ಐದು ವರ್ಷ ಬಾಳುತ್ತವೆ. ಎರಡನ್ನೂ ಬೆರೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ. ಕೆಲವು ಜೋಡಿಗಳು ಗಟ್ಟಿಯಾಗಿ ನನ್ನ ಕಾರಿನ ಅಂಬಲಿಯ ಹಾಗೆ ಆಗುತ್ತವೆ.

ಇನ್ನು ನೀರಿನ ಕಥೆ. ಜಪಾನಿನ ಕಾರು ತಯಾರಕರು ತುಕ್ಕು ತಡೆಯಲು ಕೂಲಂಟ್‌ಗೆ ಫಾಸ್ಫೇಟ್ ಹಾಕುತ್ತಾರೆ. ಸಿಲಿಕೇಟ್ ಅವರಿಗೆ ಬೇಡ, ವಾಟರ್ ಪಂಪಿನ ಸೀಲ್ ಸವೆಯುತ್ತದೆ ಅಂತ. ಯುರೋಪಿನವರು ಉಲ್ಟಾ. ಅವರ ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಫಾಸ್ಫೇಟ್ ಸೇರಿ ಗಸಿ ಕಟ್ಟುತ್ತದೆ, ಅದಕ್ಕೇ ಅದನ್ನು ದೂರ ಇಟ್ಟಿದ್ದಾರೆ. ನಮ್ಮದೂ ಗಡಸು ನೀರೇ. ನಾವು ಕೂತಿರೋದೇ ಸುಣ್ಣದ ಕಲ್ಲಿನ ಮೇಲೆ. ಮನೆ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು, ವಾಡಿ, ಸೇಡಂಗಳ ಸಿಮೆಂಟು, ಚಹಾದ ಪಾತ್ರೆಯ ತಳದ ಬಿಳಿ ಪದರ, ಎಲ್ಲದರಲ್ಲೂ ಅದೇ ಕ್ಯಾಲ್ಸಿಯಂ. ಉಸ್ತಾದರು ರೇಡಿಯೇಟರ್ ಬಿಚ್ಚಿ ಕಡ್ಡಿ ಆಡಿಸಿದಾಗ ಬಿಳಿ ಹೊಪ್ಪಳೆ ಉದುರಿತು. ಉಗುರಿನಲ್ಲಿ ಒತ್ತಿದೆ, ಕಲ್ಲೇ.

ಹಾಗಾಗಿ ಅಂಗಡಿಯಲ್ಲಿ ಬಣ್ಣ ಹೇಳಬೇಡಿ. ಕಾರಿನ ಮ್ಯಾನುಯಲ್‌ನಲ್ಲಿ ಬರೆದ ಮಾನದಂಡ ನೋಡಿ, ಜಪಾನಿನ ಜೆಐಎಸ್ ಕೆ 2234 ಅಂತಲೋ ಮತ್ತೊಂದೋ ಇರುತ್ತದೆ. ಅದೇ ಡಬ್ಬಿಯ ಮೇಲೂ ಇರಲಿ. ರೆಡಿ ಮಿಕ್ಸ್ ಸಿಕ್ಕರೆ ನೀರಿನ ತಲೆನೋವೇ ಇಲ್ಲ. ಕಾನ್ಸಂಟ್ರೇಟ್ ಆದರೆ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಆರ್‌ಓ ನೀರು ಸಾಕಲ್ವಾ ಅಂತ ಕೇಳಿದ್ದಕ್ಕೆ ಉಸ್ತಾದರು ನಕ್ಕರು, “ಕುಡಿಲಿಕ್ಕ ಸಾಕ್ರಿ.”

ನನ್ನ ಕಾರಿನಿಂದ ಇಳಿಸಿದ ಕೂಲಂಟ್ ಪೇಂಟ್ ಬಕೆಟ್‌ನಲ್ಲಿತ್ತು. ಓಣಿಯ ನಾಯಿಯೊಂದು ಮೂಸಲು ಬಂತು. ಗ್ಯಾರೇಜಿನ ಹುಡುಗ ಓಡಿಹೋಗಿ ಬಕೆಟ್ ಎತ್ತಿ ಕಟ್ಟೆಯ ಮೇಲಿಟ್ಟು ಮುಚ್ಚಿದ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಆದರೆ ವಿಷ. ಹೊಟ್ಟೆಗೆ ಹೋದರೆ ದೇಹದೊಳಗೆ ಆಕ್ಸಲೇಟ್ ಆಗಿ, ರಕ್ತದ ಕ್ಯಾಲ್ಸಿಯಂ ಜೊತೆ ಸೇರಿ, ಮೂತ್ರಪಿಂಡದಲ್ಲಿ ಹರಳು ಕಟ್ಟುತ್ತದೆ. ಅಲ್ಲೂ ಕ್ಯಾಲ್ಸಿಯಮ್ಮೇ.