ಹಾಜರಿ ಪುಸ್ತಕದ ಹೊರಗಿನ ಮಕ್ಕಳು: ಅಂಗನವಾಡಿಯ ಅಗತ್ಯ ಸಮೀಕ್ಷೆ ಎಲ್ಲಿಂದ ಆರಂಭವಾಗಬೇಕು?

ಅಂಗನವಾಡಿಗೆ ಏನು ಬೇಕು ಎಂದು ಕೇಳಿದರೆ ಉತ್ತರ ಸಿದ್ಧವಾಗಿಯೇ ಇರುತ್ತದೆ: ಸ್ವಂತ ಕಟ್ಟಡ, ಶೌಚಾಲಯ, ಕುಡಿಯುವ ನೀರು, ಗ್ಯಾಸ್ ಸಿಲಿಂಡರ್, ಆಟಿಕೆ. ಇವೆಲ್ಲವೂ ನಿಜವಾದ ಕೊರತೆಗಳೇ. ಆದರೆ ಇವು ಕೇಂದ್ರದ ಅಗತ್ಯಗಳು. ಆ ಕೇಂದ್ರ ಯಾರಿಗಾಗಿ ಇದೆಯೋ ಆ ಕುಟುಂಬಗಳ ಅಗತ್ಯಗಳು ಈ ಪಟ್ಟಿಯಲ್ಲಿ ಬಹುಮಟ್ಟಿಗೆ ಕಾಣಿಸುವುದಿಲ್ಲ. ಅಗತ್ಯ ಸಮೀಕ್ಷೆಯ ಕೆಲಸಕ್ಕೆ ಬರುವ ಕಿರಿಯರಿಗೆ ನಾನು ಹೇಳುವ ಮೊದಲ ಮಾತು, ಹಾಜರಿ ಪುಸ್ತಕವನ್ನು ಕೊನೆಯಲ್ಲಿ ತೆರೆಯಿರಿ ಎಂಬುದು.

ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭವಾದಾಗ, ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಸಾಮಾನ್ಯ ಪ್ರದೇಶದಲ್ಲಿ 400ರಿಂದ 800 ಜನಸಂಖ್ಯೆಗೆ ಒಂದು ಕೇಂದ್ರ ಎಂಬುದು ಮಾನದಂಡ. ಜನಸಂಖ್ಯೆಯ ಲೆಕ್ಕ ಸರಿಹೊಂದಿದ ಮಾತ್ರಕ್ಕೆ ಎಲ್ಲ ಮಕ್ಕಳೂ ತಲುಪಿದರು ಎಂದಾಗುವುದಿಲ್ಲ. ಊರಿನಿಂದ ಎರಡು ಕಿಲೋಮೀಟರ್ ದೂರದ ತಾಂಡಾದ ಮೂರು ವರ್ಷದ ಮಗು ನಡೆದು ಬರಲಾರದು, ಹೊತ್ತು ತರಬೇಕಾದವರು ಕೂಲಿಗೆ ಹೋಗಿರುತ್ತಾರೆ. ಆರು ವರ್ಷದೊಳಗಿನ ಕನಿಷ್ಠ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಜನವಸತಿಯವರು ಬೇಡಿಕೆ ಸಲ್ಲಿಸಿದರೆ ಮೂರು ತಿಂಗಳೊಳಗೆ ಕೇಂದ್ರ ತೆರೆಯಬೇಕೆಂದು ಸುಪ್ರೀಂ ಕೋರ್ಟ್ 2006ರ ಡಿಸೆಂಬರ್ 13ರಂದು ಆದೇಶಿಸಿದೆ. ಈ ಹಕ್ಕನ್ನು ಬಳಸಬೇಕಾದರೆ ಮೊದಲು ಯಾರಾದರೂ ಆ 40 ಮಕ್ಕಳನ್ನು ಎಣಿಸಿರಬೇಕು.

ಆದ್ದರಿಂದ ಸಮೀಕ್ಷೆ ಮನೆಯ ಪಟ್ಟಿಯಿಂದ ಶುರುವಾಗಬೇಕು. ವ್ಯಾಪ್ತಿಯ ನಕ್ಷೆಯನ್ನು ಊರಿನ ಹೆಂಗಸರೊಂದಿಗೆ ಕುಳಿತು ಬರೆದುಕೊಂಡು, ಆಶಾ ಕಾರ್ಯಕರ್ತೆಯ ಲಸಿಕೆ ಪಟ್ಟಿ ಮತ್ತು ಜನನ ನೋಂದಣಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲದ ಹೆಸರುಗಳು ತಾವಾಗಿಯೇ ಹೊರಬೀಳುತ್ತವೆ. ಯಾವ ಪಟ್ಟಿಯಲ್ಲೂ ಇಲ್ಲದವರು ಇಟ್ಟಿಗೆ ಗೂಡಿನ, ಕಟ್ಟಡ ಕಾಮಗಾರಿಯ ಶೆಡ್ಡುಗಳಲ್ಲಿ ಸಿಗುತ್ತಾರೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ದುಡಿಯಲು ಬಂದ ಕುಟುಂಬದ ಮಗು ತನ್ನ ಊರಿನಲ್ಲಿ ದಾಖಲಾಗಿದ್ದು ಅಲ್ಲಿ ಗೈರುಹಾಜರಾಗಿರುತ್ತದೆ, ಇಲ್ಲಿ ಲೆಕ್ಕಕ್ಕೇ ಬಂದಿರುವುದಿಲ್ಲ. ಮಗುವಿನ ಆಧಾರ್ ಇಲ್ಲವೆಂದು ವಾಪಸು ಕಳಿಸಿದ ಪ್ರಕರಣಗಳಿದ್ದರೆ ಪ್ರತ್ಯೇಕವಾಗಿ ಬರೆದುಕೊಳ್ಳಬೇಕು. ತಾಯಿಯ ಆಧಾರ್‌ನಿಂದಲೇ ನೋಂದಣಿ ಸಾಧ್ಯವಿರುವುದರಿಂದ ಅದು ಹಣವಿಲ್ಲದೆ ಸರಿಪಡಿಸಬಹುದಾದ ಅಡ್ಡಿ.

ಎರಡನೆಯ ಪ್ರಶ್ನೆ ಸಮಯದ್ದು. ನನ್ನ ಅನುಭವದಲ್ಲಿ ಅತಿ ಹೆಚ್ಚು ಮಾಹಿತಿ ಕೊಡುವ, ಅತಿ ಕಡಿಮೆ ಕೇಳಲಾಗುವ ಪ್ರಶ್ನೆಯೂ ಇದೇ. ಕೇಂದ್ರದ ಬಾಗಿಲು ಸಾಮಾನ್ಯವಾಗಿ ಒಂಬತ್ತೂವರೆಗೆ ತೆರೆಯುತ್ತದೆ. ಕಳೆ ಕೀಳಲು, ಗಾರ್ಮೆಂಟ್ಸ್‌ಗೆ, ಮನೆಗೆಲಸಕ್ಕೆ ಹೋಗುವ ತಾಯಿ ಅದಕ್ಕೂ ಬಹಳ ಮೊದಲೇ ಹೊರಟಿರುತ್ತಾಳೆ. ‘ಮಗುವನ್ನು ಯಾಕೆ ಕಳಿಸುತ್ತಿಲ್ಲ?’ ಎಂದು ಕೇಳಿದರೆ ಆಕೆ ತಪ್ಪಿತಸ್ಥಳಂತೆ ಸುಮ್ಮನಾಗುತ್ತಾಳೆ. ‘ನೀವು ಎಷ್ಟು ಗಂಟೆಗೆ ಹೊರಡುತ್ತೀರಮ್ಮಾ, ಅಲ್ಲಿಂದ ಮಗು ಯಾರ ಹತ್ತಿರ ಇರುತ್ತದೆ?’ ಎಂದು ಕೇಳಿದರೆ ಇಡೀ ದಿನದ ಲೆಕ್ಕ ಸಿಗುತ್ತದೆ, ಎಷ್ಟೋ ಮನೆಗಳಲ್ಲಿ ಶಾಲೆ ಬಿಟ್ಟು ತಮ್ಮನನ್ನು ನೋಡಿಕೊಳ್ಳುತ್ತಿರುವ ಅಕ್ಕನ ಹೆಸರೂ ಸಿಗುತ್ತದೆ. ಮೂರು ವರ್ಷದೊಳಗಿನ ಮಕ್ಕಳ ಸ್ಥಿತಿ ಇನ್ನೂ ಕಷ್ಟದ್ದು, ಏಕೆಂದರೆ ಅವರ ಪಾಲಿನ ಆಹಾರ ಪೊಟ್ಟಣದ ರೂಪದಲ್ಲಿ ಮನೆಗೆ ಹೋಗುತ್ತದೆಯೇ ಹೊರತು ಮಗುವಿಗೆ ದಿನದ ಆಸರೆ ಸಿಗುವುದಿಲ್ಲ. ನರೇಗಾ ಕೂಲಿಕಾರರ ಸಣ್ಣ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ‘ಕೂಸಿನ ಮನೆ’ ಈ ಕೊರತೆಯನ್ನು ಗುರುತಿಸಿದ ಯೋಜನೆ. ಅದು ಎಲ್ಲಿದೆ, ಅದರ ವೇಳೆ ಕೂಲಿಯ ವೇಳೆಗೆ ಹೊಂದುತ್ತದೆಯೇ ಎಂಬುದನ್ನೂ ಅಂಗನವಾಡಿಯ ಸಮೀಕ್ಷೆಯಲ್ಲೇ ಸೇರಿಸಬೇಕು.

ಪೌಷ್ಟಿಕತೆಯ ಅಂಕಿಅಂಶಗಳನ್ನು ಬಳಸುವಾಗ ಎಚ್ಚರ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ, ಶೇ 19.5ರಷ್ಟು ಮಂದಿಗೆ ಎತ್ತರಕ್ಕೆ ತಕ್ಕ ತೂಕವಿಲ್ಲ. ಇದು ರಾಜ್ಯದ ಚಿತ್ರ. 30 ಮಕ್ಕಳ ಕೇಂದ್ರದಲ್ಲಿ ಶೇಕಡಾವಾರು ಹೇಳುವುದೇ ಅಸಂಗತ, ಏಕೆಂದರೆ ಒಂದು ಮಗು ಆಚೀಚೆಯಾದರೆ ಅಂಕಿ ಶೇ 3ಕ್ಕಿಂತ ಹೆಚ್ಚು ಜಿಗಿಯುತ್ತದೆ. ಅಲ್ಲಿ ಮಗುವಿನ ಹೆಸರು ಹಿಡಿದೇ ಮಾತನಾಡಬೇಕು. ಜೊತೆಗೆ ಅಳತೆಯನ್ನೂ ಪರೀಕ್ಷಿಸಬೇಕು: ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಬೇಕಾದ್ದನ್ನು ನಿಲ್ಲಿಸಿ ಅಳೆದರೆ ಸುಮಾರು 0.7 ಸೆಂಟಿಮೀಟರ್ ಕಡಿಮೆ ಬರುತ್ತದೆ, ಜನ್ಮದಿನಾಂಕವನ್ನು ಅಂದಾಜಿನಲ್ಲಿ ಬರೆದಿದ್ದರೆ ವ್ಯತ್ಯಾಸ ಇನ್ನೂ ದೊಡ್ಡದು. ಕೆಲವು ಮಕ್ಕಳನ್ನು ಮತ್ತೊಮ್ಮೆ ಅಳೆದು ನೋಡಿದ ಮೇಲೆಯೇ ಅಂಗನವಾಡಿಯ ಮೊಬೈಲ್ ದಾಖಲಾತಿ ಆ್ಯಪ್ ಆದ ಪೋಷಣ್ ಟ್ರ್ಯಾಕರ್‌ನಲ್ಲಿರುವ ಅಂಕಿಗಳನ್ನು ವರದಿಗೆ ತೆಗೆದುಕೊಳ್ಳುವುದು ಒಳ್ಳೆಯದು.

ಕಾರ್ಯಕರ್ತೆಯ ದಿನವನ್ನೂ ಇದೇ ರೀತಿ ಗಂಟೆಗಳಲ್ಲಿ ಬರೆದುಕೊಳ್ಳಬೇಕು. ಗರ್ಭಿಣಿ ಮತ್ತು ಬಾಣಂತಿಯರಿಗೆ ಮಾತೃಪೂರ್ಣ ಯೋಜನೆಯ ಊಟ, ಮೊಬೈಲ್‌ನಲ್ಲಿ ದಾಖಲಾತಿ, ಮನೆ ಭೇಟಿ, ಇಲಾಖೆಯ ಸಭೆ, ಆಗಾಗ ಚುನಾವಣಾ ಕೆಲಸ, ಇವೆಲ್ಲ ಕಳೆದು ಶಾಲಾಪೂರ್ವ ಶಿಕ್ಷಣಕ್ಕೆ ಎಷ್ಟು ನಿಮಿಷ ಉಳಿಯುತ್ತದೆ ಎಂದು ತಿಳಿಯದೆ ಹೊಸ ತರಬೇತಿಯನ್ನು ಶಿಫಾರಸು ಮಾಡುವುದು ಸುಲಭದ ಕೆಲಸ, ಉಪಯೋಗದ ಕೆಲಸವಲ್ಲ.

ವರದಿಯಲ್ಲಿ ಪ್ರತಿ ಕೊರತೆಯ ಎದುರು ಅದನ್ನು ಯಾರು ಸರಿಪಡಿಸಬಲ್ಲರು ಎಂದು ಬರೆದಿರಬೇಕು: ನೀರಿನ ಸಂಪರ್ಕ ಗ್ರಾಮ ಪಂಚಾಯಿತಿಯದು, ತೀವ್ರ ಅಪೌಷ್ಟಿಕ ಮಗುವನ್ನು ಪುನಶ್ಚೇತನ ಕೇಂದ್ರಕ್ಕೆ ಸೇರಿಸುವುದು ಆರೋಗ್ಯ ಇಲಾಖೆಯೊಂದಿಗೆ ಸೇರಿ ಮಾಡಬೇಕಾದದ್ದು, ವೇಳೆಯ ಬದಲಾವಣೆ ರಾಜ್ಯ ಮಟ್ಟದ್ದು. ಎಲ್ಲವನ್ನೂ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರ ಮೇಜಿಗೆ ಕಳಿಸಿದರೆ ಅವರು ಮಾಡಲಾಗುವ ನಾಲ್ಕು ಕೆಲಸಗಳೂ ಆ ರಾಶಿಯಲ್ಲಿ ಮುಚ್ಚಿಹೋಗುತ್ತವೆ. ಸಲ್ಲಿಸುವ ಮುನ್ನ ವರದಿಯನ್ನು ಅಂಗನವಾಡಿಗೆ ಊರಿನವರೇ ಇರುವ ಬಾಲವಿಕಾಸ ಸಮಿತಿಯ ಮುಂದೆ, ಕೂಲಿಯಿಂದ ಮರಳಿದ ತಾಯಂದಿರೂ ಬರಬಹುದಾದ ಸಂಜೆಯ ಹೊತ್ತಿನಲ್ಲಿ ಓದಿ ಹೇಳಬೇಕು; ಆದ್ಯತೆಯ ಕ್ರಮ ಬದಲಾಗುವುದು ಹೆಚ್ಚಾಗಿ ಆ ಸಭೆಯಲ್ಲೇ, ಬದಲಾದ ಕ್ರಮವನ್ನೇ ಅಂತಿಮ ಪ್ರತಿಯಲ್ಲಿ ಉಳಿಸಿಕೊಳ್ಳಬೇಕು.