ಪುಟದ ಅಂಚಿನಲ್ಲಿ ಬರೆದ ನ್ಯಾಯಾಧೀಶ

ಪಿಯರ್ ಡಿ ಫರ್ಮಾ ಹೊಟ್ಟೆಪಾಡಿಗೆ ಮಾಡುತ್ತಿದ್ದುದು ಕಾನೂನಿನ ಕೆಲಸ. ದಕ್ಷಿಣ ಫ್ರಾನ್ಸಿನ ಬೋಮೊಂ ಎಂಬ ಪುಟ್ಟ ಊರಿನಲ್ಲಿ, ಚರ್ಮದ ವ್ಯಾಪಾರಿಯ ಮಗನಾಗಿ ಹುಟ್ಟಿದ ಆತ 1631ರಲ್ಲಿ ತುಲೂಸ್ ನಗರದ ಉಚ್ಚ ನ್ಯಾಯಾಲಯದಲ್ಲಿ ಹುದ್ದೆ ಹಿಡಿದು, 1665ರ ಜನವರಿಯಲ್ಲಿ ಸಾಯುವವರೆಗೂ ಅದರಲ್ಲೇ ಇದ್ದ. ನಡುವೆ 1653ರ ಪ್ಲೇಗಿನಲ್ಲಿ ಆತ ಸತ್ತನೆಂದು ಸುದ್ದಿ ಹಬ್ಬಿ, ಆಮೇಲೆ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. ಗಣಿತ ಆತನಿಗೆ ಬಿಡುವಿನ ವೇಳೆಯ ಹುಚ್ಚು. ತನ್ನ ಹೆಸರು ಹಾಕಿ ಒಂದು ಗಣಿತದ ಪುಸ್ತಕವನ್ನೂ ಅಚ್ಚು ಮಾಡಿಸದ ಫರ್ಮಾ, ಕಂಡುಕೊಂಡದ್ದನ್ನು ಗೆಳೆಯರಿಗೆ ಪತ್ರದಲ್ಲಿ ತಿಳಿಸುತ್ತಿದ್ದ. ಅದೂ ಬಹಳ ಸಲ ಸಾಧನೆಯನ್ನು, ಅಂದರೆ ಹೇಳಿದ್ದು ಸರಿಯೆಂದು ತೋರಿಸುವ ತರ್ಕವನ್ನು, ತನ್ನಲ್ಲೇ ಇಟ್ಟುಕೊಂಡು, "ನೀವು ಬಿಡಿಸಿ ನೋಡೋಣ" ಎನ್ನುವ ಧಾಟಿಯಲ್ಲಿ. ಇದು ತತ್ತ್ವಜ್ಞಾನಿಯೂ ಗಣಿತಜ್ಞನೂ ಆದ ಡೆಕಾರ್ಟ್‌ನಂಥವರಿಗೆ ಸಿಟ್ಟು ತರಿಸುತ್ತಿತ್ತೆಂದರೆ ಆಶ್ಚರ್ಯವಿಲ್ಲ.

ಆತನನ್ನು ಮನೆಮಾತಾಗಿಸಿದ್ದು ಮಾತ್ರ ಪತ್ರಗಳಲ್ಲ, ಒಂದು ಟಿಪ್ಪಣಿ. ಗ್ರೀಕ್ ಗಣಿತಜ್ಞ ಡಯೊಫಾಂಟಸ್‌ನ 'ಅರಿತ್‌ಮೆಟಿಕಾ' ಗ್ರಂಥದ 1621ರ ಮುದ್ರಣವನ್ನು ಓದುತ್ತಾ ಫರ್ಮಾ ಅದರ ಅಂಚಿನಲ್ಲಿ ಬರೆದುಕೊಳ್ಳುತ್ತಿದ್ದ. 3ರ ವರ್ಗಕ್ಕೆ 4ರ ವರ್ಗ ಕೂಡಿದರೆ 5ರ ವರ್ಗ ಸಿಗುತ್ತದೆ. ಆದರೆ ಒಂದು ಘನವನ್ನು ಎರಡು ಘನಗಳಾಗಿ, ಅಥವಾ ಎರಡಕ್ಕಿಂತ ದೊಡ್ಡದಾದ ಯಾವುದೇ ಘಾತವನ್ನು ಅದೇ ಬಗೆಯ ಎರಡು ಘಾತಗಳಾಗಿ ಒಡೆಯಲಾಗದು, ಇದಕ್ಕೆ ಸೊಗಸಾದ ಸಾಧನೆ ನನ್ನಲ್ಲಿದೆ, ಈ ಅಂಚು ಅದಕ್ಕೆ ಸಾಲದು ಎಂದು ಬರೆದ. ಮಗ ಸ್ಯಾಮ್ಯುಯೆಲ್ 1670ರಲ್ಲಿ ಅಪ್ಪನ ಟಿಪ್ಪಣಿಗಳ ಸಮೇತ ಆ ಗ್ರಂಥವನ್ನು ಮತ್ತೆ ಅಚ್ಚು ಹಾಕಿಸದಿದ್ದರೆ ಈ ಮಾತು ಕಾಲದಲ್ಲಿ ಕರಗಿಹೋಗುತ್ತಿತ್ತು.

ಆಯ್ಲರ್, ಸೋಫಿ ಜರ್ಮೈನ್, ಕುಮ್ಮರ್ ಮುಂತಾದ ಗಣಿತಜ್ಞರು ಕೈಹಾಕಿದ ಈ ಪ್ರಮೇಯ ಪೂರ್ತಿಯಾಗಿ ಸಾಧಿತವಾದದ್ದು 1994ರಲ್ಲಿ. ಹಿಂದಿನ ವರ್ಷ ಘೋಷಿಸಿದ ಸಾಧನೆಯಲ್ಲಿ ಬಿರುಕು ಸಿಕ್ಕ ಮೇಲೆ, ಆಂಡ್ರ್ಯೂ ವೈಲ್ಸ್ ರಿಚರ್ಡ್ ಟೇಲರ್ ಜೊತೆಗೂಡಿ ಅದನ್ನು ಸರಿಪಡಿಸಿದರು. ಅವರು ಬಳಸಿದ ಸಲಕರಣೆಗಳು ಹದಿನೇಳನೇ ಶತಮಾನದಲ್ಲಿ ಇರಲೇ ಇಲ್ಲ. ಫರ್ಮಾ ಬರೆದಿಟ್ಟ ಸಾಧನೆಯಾಗಿ ಉಳಿದಿರುವುದು ನಾಲ್ಕನೇ ಘಾತಕ್ಕೆ ಸಾಲುವಷ್ಟು ಮಾತ್ರ. ಎಲ್ಲ ಘಾತಗಳಿಗೂ ತನ್ನಲ್ಲಿ ಸಾಧನೆ ಇದೆಯೆಂದು ಆತ ನಂಬಿದ್ದರಲ್ಲಿ ತಪ್ಪಿತ್ತೆಂದೇ ನನ್ನ ಎಣಿಕೆ. ಏಕೆಂದರೆ ಆತನಿಗೆ ಎಡವುವುದು ಹೊಸದೇನಲ್ಲ. 3, 5, 17, 257, 65537 ಎಂಬ ಸರಣಿಯ ಸಂಖ್ಯೆಗಳೆಲ್ಲ ಅವಿಭಾಜ್ಯಗಳೆಂದು ಆತ ಊಹಿಸಿದ್ದ. ಅದರ ಮುಂದಿನ ಸಂಖ್ಯೆ 4294967297 ಎಂಬುದು 641ರಿಂದ ಭಾಗವಾಗುತ್ತದೆಂದು 1732ರಲ್ಲಿ ಆಯ್ಲರ್ ತೋರಿಸಿದ.

ಸೋತ ಊಹೆಯ ಪಕ್ಕದಲ್ಲೇ ನಿಜವಾದ ನಿಧಿಯೂ ಇದೆ. 1640ರ ಪತ್ರವೊಂದರಲ್ಲಿ ಆತ ಹೇಳಿದ್ದನ್ನು ಯಾರೂ ಲೆಕ್ಕ ಹಾಕಿ ನೋಡಬಹುದು. 7 ಅವಿಭಾಜ್ಯ, ಏಳು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ 128, ಅದರಿಂದ ಎರಡು ಕಳೆದರೆ 126, ಅದು ಏಳರ ಹದಿನೆಂಟರಷ್ಟು. ಏಳರ ಬದಲು 9 ತೆಗೆದುಕೊಂಡರೆ 512ರಿಂದ ಎರಡು ಕಳೆದು 510. ಒಂಬತ್ತರಿಂದ ಭಾಗಿಸಿದರೆ ಆರು ಉಳಿಯುತ್ತದೆ. ಅವಿಭಾಜ್ಯ ಸಂಖ್ಯೆಗಳು ಈ ಪರೀಕ್ಷೆಯಲ್ಲಿ ಎಂದೂ ಸೋಲುವುದಿಲ್ಲ (ಅವಿಭಾಜ್ಯವಲ್ಲದ 341ರಂಥ ಕೆಲವು ಕಳ್ಳರೂ ನುಸುಳಿಕೊಳ್ಳುತ್ತಾರೆ, ಅದು ಬೇರೆ ಮಾತು). 1977ರಲ್ಲಿ ರೂಪುಗೊಂಡ ಆರ್‌ಎಸ್‌ಎ ಗೂಢಲಿಪಿ ವಿಧಾನದ ತಳದಲ್ಲಿ ಇದೇ ನಿಯಮದ ವಿಸ್ತೃತ ರೂಪವಿದೆ.

1657ರಲ್ಲಿ ಆತ ಇತರರ ಮುಂದಿಟ್ಟ ಲೆಕ್ಕಗಳಲ್ಲಿ ಒಂದು ಹೀಗಿತ್ತು: ಯಾವ ವರ್ಗವನ್ನು 61ರಿಂದ ಗುಣಿಸಿ ಒಂದು ಕೂಡಿದರೆ ಮತ್ತೊಂದು ವರ್ಗವೇ ಬರುತ್ತದೆ? ಅತಿ ಚಿಕ್ಕ ಉತ್ತರದಲ್ಲಿ ಗುಣಿಸಬೇಕಾದುದು 226153980ರ ವರ್ಗ, ಬರುವುದು 1766319049ರ ವರ್ಗ. ಸುಮ್ಮನೆ ತಡಕಾಡಿದರೆ ಸಿಗುವಂಥದ್ದಲ್ಲ. ಇದೇ 61ರ ಉದಾಹರಣೆಯನ್ನು ನಮ್ಮ ಎರಡನೇ ಭಾಸ್ಕರಾಚಾರ್ಯ 'ಬೀಜಗಣಿತ'ದಲ್ಲಿ ಚಕ್ರವಾಳ ಎಂಬ, ಒಂದೇ ಬಗೆಯ ಹೆಜ್ಜೆಗಳನ್ನು ಮತ್ತೆ ಮತ್ತೆ ಇಟ್ಟು ಉತ್ತರ ತಲುಪುವ ವಿಧಾನದಿಂದ ಬಿಡಿಸಿದ್ದ, ಫರ್ಮಾನಿಗಿಂತ ಸುಮಾರು ಐನೂರು ವರ್ಷ ಮೊದಲು. ಸಂಸ್ಕೃತದ ಆ ಗ್ರಂಥವನ್ನು ಬ್ರಿಟಿಷ್ ವಿದ್ವಾಂಸ ಕೋಲ್‌ಬ್ರೂಕ್ ಇಂಗ್ಲಿಷಿಗೆ ತಂದು ಲಂಡನ್ನಿನಲ್ಲಿ ಪ್ರಕಟಿಸಿದ್ದು 1817ರಲ್ಲಿ. ಅಷ್ಟರಲ್ಲಿ ಆಯ್ಲರ್ ಮತ್ತು ಲಗ್ರಾಂಜ್ ಇದೇ ಬಗೆಯ ಲೆಕ್ಕಗಳಿಗೆ ತಮ್ಮದೇ ದಾರಿಯಲ್ಲಿ ಉತ್ತರ ಕಂಡುಕೊಂಡಾಗಿತ್ತು.