ಹೆಣ್ಣುಮಕ್ಕಳ ತಲೆಗೆ ಭೌತಶಾಸ್ತ್ರ ಹತ್ತುವುದಿಲ್ಲವೇ?

ಪ್ರಶ್ನೆ: ಕಲಬುರಗಿಯಲ್ಲಿ ಬಿ.ಎಸ್‌ಸಿ. ಓದುತ್ತಿದ್ದೇನೆ. ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿ ಸಂಶೋಧನೆಗೆ ಹೋಗುವ ಆಸೆಯಿದೆ. ಗಣಿತ ಹೆಚ್ಚಿರುವ ವಿಷಯ ಹುಡುಗಿಯರ ತಲೆಗೆ ಹತ್ತುವುದಿಲ್ಲ, ಅಲ್ಲಿ ಗಂಡಸರೇ ತುಂಬಿರುವುದು ಅದಕ್ಕಾಗಿಯೇ ಎಂದು ಮನೆಯಲ್ಲಿ ಹೇಳುತ್ತಾರೆ. ಇದು ನಿಜವೇ, ಮೇಡಂ?

ಉತ್ತರ: ನಿಜವಲ್ಲ. ಈ ಪ್ರಶ್ನೆ ಒಮ್ಮೆ ಸೇಡಂನಿಂದ ಬರುತ್ತದೆ, ಒಮ್ಮೆ ಬಸವಕಲ್ಯಾಣದಿಂದ, ಇನ್ನೊಮ್ಮೆ ಶಹಾಪುರದಿಂದ. ಊರು ಬದಲಾದರೂ ವಾಕ್ಯ ಬದಲಾಗುವುದಿಲ್ಲ. ಪಿಯುಸಿ ತೇರ್ಗಡೆಯಲ್ಲಿ ಹುಡುಗಿಯರದೇ ಮೇಲುಗೈ ಎಂಬ ಸುದ್ದಿಯನ್ನು ಬೆಳಿಗ್ಗೆ ಓದಿದ ಮನೆಯಲ್ಲಿಯೇ ಸಂಜೆ ಈ ಮಾತು ಹೇಗೆ ಹುಟ್ಟುತ್ತದೆ ಎಂಬುದು ನನಗೆ ಇಂದಿಗೂ ಬಗೆಹರಿದಿಲ್ಲ.

ಈ ನಂಬಿಕೆಗೆ ಹಳೆಯ ಇತಿಹಾಸವಿದೆ. ಗಂಡಸರ ಮೆದುಳಿನ ಸರಾಸರಿ ತೂಕ ಹೆಂಗಸರದ್ದಕ್ಕಿಂತ ತುಸು ಹೆಚ್ಚು ಎಂಬುದನ್ನೇ ಹಿಡಿದು, ಬುದ್ಧಿಯೂ ಹೆಚ್ಚು ಎಂದು 19ನೆಯ ಶತಮಾನದ ವಿದ್ವಾಂಸರು ವಾದಿಸುತ್ತಿದ್ದರು. ತೂಕವೇ ಬುದ್ಧಿಯ ಅಳತೆಯಾಗಿದ್ದರೆ, ಮನುಷ್ಯನ ಮೆದುಳಿನ ಮೂರು ಪಟ್ಟಿಗಿಂತ ಹೆಚ್ಚು ತೂಗುವ ಮೆದುಳುಳ್ಳ ಆನೆ ನಮಗೆಲ್ಲ ಪಾಠ ಹೇಳಬೇಕಿತ್ತು. ಆ ವಾದ ಬಿದ್ದ ಮೇಲೆ ಅಂಕಗಳ ವಾದ ಎದ್ದಿತು. ಅಮೆರಿಕದಲ್ಲಿ, ಕಾಲೇಜು ಪ್ರವೇಶಕ್ಕಾಗಿ ನಡೆಸುವ ಗಣಿತ ಪರೀಕ್ಷೆಯನ್ನು 13 ವರ್ಷ ತುಂಬದ ಪ್ರತಿಭಾವಂತ ಮಕ್ಕಳಿಗೆ ಕೊಟ್ಟಾಗ, 800ಕ್ಕೆ 700 ಅಥವಾ ಅದಕ್ಕಿಂತ ಹೆಚ್ಚು ಅಂಕ ಪಡೆದವರಲ್ಲಿ ಒಬ್ಬ ಹುಡುಗಿಗೆ 13 ಹುಡುಗರಿದ್ದರು ಎಂದು 1983ರಲ್ಲಿ ಪ್ರಕಟವಾಯಿತು. ಈ ಅಂಕಿಯನ್ನು ಇಂದಿಗೂ ಎತ್ತಿ ತೋರಿಸುವವರು ಅದರ ಮುಂದಿನ ಕಥೆಯನ್ನು ಹೇಳುವುದಿಲ್ಲ. ಸುಮಾರು 25 ವರ್ಷಗಳಲ್ಲಿ ಅದೇ ಅನುಪಾತ ನಾಲ್ಕಕ್ಕೆ ಒಂದರಷ್ಟಕ್ಕೆ ಇಳಿಯಿತು. ಮನುಷ್ಯರ ಮೆದುಳು ಒಂದೇ ತಲೆಮಾರಿನಲ್ಲಿ ಅಷ್ಟು ಬದಲಾಗುವುದಿಲ್ಲ. ಬದಲಾಗುವುದು ಶಾಲೆ, ಮನೆ ಮತ್ತು ಹುಡುಗಿಗೆ ಸಿಗುವ ಅವಕಾಶ. ಉಳಿದ ಅಂತರವಾದರೂ ಪ್ರಕೃತಿಯದ್ದೇ ಅಲ್ಲವೇ ಎನ್ನುವವರು, ಕರಗಿಹೋದ ಒಂಬತ್ತು ಪಾಲಿನ ಲೆಕ್ಕವನ್ನು ಮೊದಲು ಒಪ್ಪಿಸಲಿ. ಇದು ಬೆರಳೆಣಿಕೆಯ ಅತಿ ಪ್ರತಿಭಾವಂತರ ಮಾತು. ಸಾಮಾನ್ಯ ಶಾಲಾ ಮಕ್ಕಳ ವಿಷಯಕ್ಕೆ ಬಂದರೆ, ಅಲ್ಲಿನ ಹತ್ತು ರಾಜ್ಯಗಳ 70 ಲಕ್ಷಕ್ಕೂ ಹೆಚ್ಚು ಮಕ್ಕಳ ಗಣಿತದ ಅಂಕಗಳನ್ನು ಪರಿಶೀಲಿಸಿದ 2008ರ ಅಧ್ಯಯನಕ್ಕೆ ಹುಡುಗ-ಹುಡುಗಿಯರ ಸರಾಸರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ.

ನಮ್ಮ ದೇಶದ ಲೆಕ್ಕವನ್ನೂ ನೋಡಿ. 2020-21ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ಪದವಿಯಿಂದ ಪಿಎಚ್.ಡಿ.ವರೆಗೆ ವಿಜ್ಞಾನ ಓದುತ್ತಿದ್ದ ಹುಡುಗಿಯರು 29.5 ಲಕ್ಷ, ಹುಡುಗರು 27.7 ಲಕ್ಷ. ತರಗತಿಯಲ್ಲಿ ಇಷ್ಟಿರುವವರು ಸಂಶೋಧನಾಲಯದಲ್ಲಿ ವಿರಳವಾಗುತ್ತಾರೆ ಎಂದರೆ, ನಡುವಿನ ಬಾಗಿಲುಗಳನ್ನು ನೋಡಬೇಕಲ್ಲದೆ ತಲೆಯನ್ನಲ್ಲ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದ ಕಮಲಾ ಸೊಹೋನಿ ಅವರನ್ನು ಹೆಣ್ಣು ಎಂಬ ಕಾರಣಕ್ಕೆ ಸಂಸ್ಥೆಯ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಮೊದಲು ನಿರಾಕರಿಸಿದರು. ಆಕೆ ಪಟ್ಟು ಹಿಡಿದ ಮೇಲೆ ಒಂದು ವರ್ಷ ಪರೀಕ್ಷಾರ್ಥವಾಗಿ ಸೇರಿಸಿಕೊಂಡರು. ಅದೇ ಕಮಲಾ 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ಆ ಒಂದು ವರ್ಷದ ಷರತ್ತು ಯಾವ ಹುಡುಗನಿಗೂ ಇರಲಿಲ್ಲ.

ನಿಮ್ಮ ಆಸೆಯ ದಾರಿ ದೂರದ್ದೇನಲ್ಲ. ಗುಲಬರ್ಗಾ ವಿಶ್ವವಿದ್ಯಾಲಯ ಊರಲ್ಲಿಯೇ ಇದೆ, ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ರಸ್ತೆಯ ಕಡಗಂಚಿಯಲ್ಲಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದಿರುವುದರಿಂದ ಬಸ್ಸಿನ ಖರ್ಚಿನ ನೆಪವೂ ಉಳಿದಿಲ್ಲ. ಮದುವೆಯಾದರೆ ಪಿಎಚ್.ಡಿ. ನಿಂತಂತೆಯೇ ಎನ್ನುವ ಹಿರಿಯರಿಗೆ, ಯುಜಿಸಿ ನಿಯಮದಂತೆ ಸಂಶೋಧನೆಯ ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆ ಕೊಡಬಹುದು, ಪ್ರಬಂಧ ಮುಗಿಸುವ ಗರಿಷ್ಠ ಅವಧಿಯಲ್ಲಿಯೂ ಮಹಿಳೆಯರಿಗೆ ಎರಡು ವರ್ಷ ಸಡಿಲಿಕೆಯಿದೆ ಎಂದು ತಿಳಿಸಿ.

ನೀವು ಕೇಳದಿದ್ದರೂ ಇನ್ನೊಂದು ಮಾತನ್ನು ಹೇಳಲೇಬೇಕು, ಏಕೆಂದರೆ ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ಮುಖ್ಯ. ನಿಮ್ಮ ಪ್ರಾಕ್ಟಿಕಲ್ ಬ್ಯಾಚಿನಲ್ಲಿ ಸ್ಪೆಕ್ಟ್ರೋಮೀಟರ್ ತಿರುಗಿಸುವವರು ಯಾರು, ರೀಡಿಂಗ್ ಬರೆದುಕೊಳ್ಳುವವರು ಯಾರು? ನಾಲ್ವರ ಬ್ಯಾಚಿನಲ್ಲಿ ಇಬ್ಬರು ಹುಡುಗರಿದ್ದರೆ ವೈರು ಜೋಡಿಸುವುದು ಅವರ ಪಾಲಿಗೆ, ಅಕ್ಷರ ದುಂಡಗಿದೆ ಎಂಬ ನೆಪದಲ್ಲಿ ರೆಕಾರ್ಡ್ ಪುಸ್ತಕ ಹುಡುಗಿಯರ ಪಾಲಿಗೆ ಬರುವುದನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ, ತಡೆದೂ ಇದ್ದೇನೆ. ಇದನ್ನು ಯಾರೂ ಆದೇಶಿಸುವುದಿಲ್ಲ, ಆದ್ದರಿಂದಲೇ ಯಾರೂ ಪ್ರಶ್ನಿಸುವುದಿಲ್ಲ. ರಾಮನ್ ಅವರ ಪ್ರಯೋಗಾಲಯದಲ್ಲಿಯೇ ವಜ್ರಗಳ ಮೇಲೆ ಸಂಶೋಧನೆ ಮಾಡಿದ ಅಣ್ಣಾ ಮಣಿ ಅವರಿಗೆ, ಎಂ.ಎಸ್‌ಸಿ. ಇಲ್ಲವೆಂಬ ಕಾರಣಕ್ಕೆ ಪಿಎಚ್.ಡಿ. ದೊರೆಯಲಿಲ್ಲ, ಆದರೆ 1948ರಲ್ಲಿ ಹವಾಮಾನ ಇಲಾಖೆ ಸೇರಿದ ಆಕೆ ಹೆಸರು ಮಾಡಿದ್ದು ಉಪಕರಣಗಳಿಂದಲೇ, ಮಳೆ, ಗಾಳಿ, ಬಿಸಿಲನ್ನು ಅಳೆಯುವ ಸಾಧನಗಳನ್ನು ನಮ್ಮಲ್ಲಿಯೇ ತಯಾರಿಸುವ ಕೆಲಸವನ್ನು ಮುನ್ನಡೆಸಿ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಉಪಕರಣದ ಮುಂದೆ ಪ್ರತಿಯೊಬ್ಬರೂ ಒಂಟಿಯಾಗಿ ನಿಲ್ಲಬೇಕಾಗುತ್ತದೆ, ಹೊರಗಿನಿಂದ ಬಂದ ಪರೀಕ್ಷಕರು ದುಂಡನೆಯ ಅಕ್ಷರಕ್ಕೆ ಅಂಕ ಕೊಡುವುದಿಲ್ಲ. ಮುಂದಿನ ವಾರದ ಪ್ರಾಕ್ಟಿಕಲ್‌ನಲ್ಲಿ ಸರ್ಕ್ಯೂಟನ್ನು ನೀವೇ ಜೋಡಿಸಿ, ರೀಡಿಂಗ್ ಹುಡುಗರು ಬರೆಯಲಿ.